ಹದಿನಾಲ್ಕಾಣೆ ಗಂಟಲು

ತೊಂಬತ್ತಾರನೇ ಇಸವಿಯಲ್ಲಿ ಒಂದು ದೊಡ್ಡ ವಾಲ್ವಿಗೆ, ಅಂದರೆ ಹಳೆಯ ಆಂಪ್ಲಿಫೈಯರುಗಳ ಒಳಗೆ ಕೆಂಡದ ಹಾಗೆ ಮಿನುಗುವ ಗಾಜಿನ ಬುರುಡೆಗೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮುನ್ನೂರೈವತ್ತು ರೂಪಾಯಿ. ಅದೂ ಸಿಕ್ಕಿದರೆ. ಒಂದು ಪೆಟ್ಟಿಗೆಗೆ ಅಂಥವು ನಾಲ್ಕು ಬೇಕು, ಸಾವಿರದ ನಾನೂರಾಯಿತು. ಅದೇ ಕೆಲಸ ಮಾಡುವ ಟ್ರಾನ್ಸಿಸ್ಟರಿಗೆ ಮೂವತ್ತು ರೂಪಾಯಿ. ಬೋರ್ಡು, ಹೊಸ ಟ್ರಾನ್ಸ್‌ಫಾರ್ಮರು, ಉಳಿದ ಸಣ್ಣಪುಟ್ಟ ಸಾಮಾನು ಎಲ್ಲ ಸೇರಿ ಆರುನೂರ ನಲವತ್ತು. ಹಳೆಯ ಪೆಟ್ಟಿಗೆಯಿಂದ ಕಿತ್ತ ತಾಮ್ರ, ಕಬ್ಬಿಣವನ್ನು ಗುಜರಿಗೆ ಹಾಕಿದರೆ ಇನ್ನೂರ ಇಪ್ಪತ್ತೈದು ವಾಪಸ್ಸು ಬರುತ್ತದೆ. ಕೈಯಿಂದ ಹೋಗುವುದು ನಾನೂರ ಹದಿನೈದು.

ಹಲಸೂರಿನ ರೇಡಿಯೋ ರಿಪೇರಿ ಆದಿನಾರಾಯಣ ಈ ಲೆಕ್ಕವನ್ನು ಕ್ಯಾಲೆಂಡರಿನ ಹಿಂದೆ ಬರೆದು ಎರಡು ಸಲ ಕೂಡಿ ನೋಡಿದ. ಲೆಕ್ಕ ಸರಿಯಾಗಿಯೇ ಇತ್ತು. ತಪ್ಪಿದ್ದು ಉಳಿದದ್ದೆಲ್ಲ.

ಪೆಟ್ಟಿಗೆ ಅವನದಲ್ಲ, ಶಿವಾಜಿನಗರದ ಅಹ್ಮದ್ ಪಾಷಾನದು. ಪಾಷಾ ಬಸಣ್ಣನವರ ಆರ್ಕೆಸ್ಟ್ರಾದಲ್ಲಿ ಹದಿನಾರು ವರ್ಷದಿಂದ ಗಿಟಾರು ನುಡಿಸುವವನು. ಕುಕ್ ಟೌನಿನ ಒಬ್ಬರು ಮನೆ ಮಾರಿ ದೇಶ ಬಿಟ್ಟು ಹೋಗುವಾಗ ಅವರಿಂದ ಕೊಂಡ ವಾಲ್ವ್ ಆಂಪ್ಲಿಫೈಯರು ಅವನ ಹತ್ತಿರ ಇತ್ತು. ಇಬ್ಬರು ಹಿಡಿದು ಎತ್ತಬೇಕಾದಷ್ಟು ಭಾರ. ಗಣೇಶನ ಹಬ್ಬದ ಕಾರ್ಯಕ್ರಮಗಳೆಲ್ಲ ಮುಗಿದು ಪಿತೃಪಕ್ಷ ಬಂತು. ಆ ಹದಿನೈದು ದಿನ ಮದುವೆಯಿಲ್ಲ, ಮುಂಜಿಯಿಲ್ಲ, ಆರ್ಕೆಸ್ಟ್ರಾದವರಿಗೆ ಕೆಲಸವೂ ಇಲ್ಲ. ಪಾಷಾ ಪೆಟ್ಟಿಗೆಯನ್ನು ಗೆಳೆಯನ ಅಂಗಡಿಗೆ ತಂದಿಟ್ಟು, "ಪ್ಲಗ್ಗಿನ ವೈರು ಸವೆದುಹೋಗಿದೆ ಆದಿ, ಒಂದು ಹೊಸದು ಹಾಕಿಡು" ಎಂದು ಹೇಳಿ, ಹೆಂಡತಿ ಬದ್ರುನ್ನೀಸಾಳನ್ನು ಕರೆದುಕೊಂಡು ಕೋಲಾರದ ತಂಗಿಯ ಮನೆಗೆ ಹೋದ.

ಆದಿನಾರಾಯಣ ವೈರು ಹಾಕಿದ. ಹಾಕಿದ ಮೇಲೆ ಟೇಪ್ ರೆಕಾರ್ಡರು ಜೋಡಿಸಿ ಒಂದು ಹಾಡು ಬಿಟ್ಟು ನೋಡಿದ. ಸಣ್ಣಗೆ ಇಟ್ಟಾಗ ಸರಿ, ದೊಡ್ಡದು ಮಾಡಿದ ಕೂಡಲೇ ಧ್ವನಿ ಒಡೆದು ಕರಕರ ಎನ್ನುತ್ತಿತ್ತು.

ಆದಿನಾರಾಯಣನ ಅಂಗಡಿಯ ಬೋರ್ಡಿನಲ್ಲಿ 'ಶುದ್ಧ ಧ್ವನಿಗೆ ಗ್ಯಾರಂಟಿ' ಎಂದು ಕೆಂಪಕ್ಷರದಲ್ಲಿ ಬರೆಸಿತ್ತು. ಮೂವತ್ತು ವರ್ಷದಿಂದ ಅವನ ಅನ್ನವೇ ಕರಕರ ತೆಗೆಯುವುದರಲ್ಲಿ. ಬೀದಿಯ ಭಜನೆ ಮಂಡಳಿಯ ಮೈಕ್ ಸೆಟ್ಟಿಗೆ ವರ್ಷಕ್ಕೆ ಇಷ್ಟು ಅಂತ ಮಾತಾಡಿ ಅವನನ್ನೇ ಇಟ್ಟುಕೊಂಡದ್ದು ಆ ಬೋರ್ಡು ಸುಳ್ಳಲ್ಲ ಎಂಬ ಕಾರಣಕ್ಕೆ. ಅಂಥವನ ಕಿವಿಗೆ ಈ ಸದ್ದು ಹೇಗೆ ಹಿಡಿಸೀತು?

"ವಾಲ್ವು ಪೂರ್ತಿ ಸುಸ್ತಾಗಿವೆ ಕಣೇ" ಎಂದು ಹೆಂಡತಿ ಅಮೃತಮ್ಮನಿಗೆ ಹೇಳಿದ. ಮನೆ ಅಂಗಡಿಯ ಮೇಲೆಯೇ. ಅವಳು ಟೀ ಹಿಡಿದು ಮೆಟ್ಟಿಲಿಳಿದು ಬಂದಿದ್ದಳು. "ಪಾಪ, ಪಾಷಾ ಕಷ್ಟ ಹೇಳ್ಕೊಳ್ಳೋನಲ್ಲ. ದುಡ್ಡಿಲ್ಲ ಅಂತ ಬರೀ ವೈರು ಹಾಕು ಅಂದಿದಾನೆ."

"ನಮ್ಮ ಹುಡುಗಿ ಮದ್ವೇಲಿ ಮೂರು ಗಂಟೆ ಬಾರಿಸಿ ಒಂದು ಪೈಸೆ ಮುಟ್ಟಲಿಲ್ಲ ಅಲ್ವಾ ಅವ್ರು."

"ಅದಕ್ಕೇ ಹೇಳ್ತಿರೋದು. ಇದನ್ನ ಹೊಸಾದು ಮಾಡಿ ಕೊಟ್ಬಿಡ್ತೀನಿ. ಸುಮ್ನೆ."

ಆ ಮದುವೆಯಲ್ಲಿ ಪಾಷಾ ಹೇಗೆ ನುಡಿಸಿದ ಎಂದು ಕೇಳಿದರೆ ಆದಿನಾರಾಯಣ ಹೇಳಲಾರ. ಮಗಳ ಮದುವೆ ಮಾಡುವವನಿಗೆ ಸಾರು ಸಾಲುತ್ತದೋ ಇಲ್ಲವೋ ಎಂಬುದು ಕೇಳಿಸುತ್ತದೆಯೇ ಹೊರತು ಗಿಟಾರು ಕೇಳಿಸುವುದಿಲ್ಲ.

ಹಾಗಾಗಿ ಅವನು ಪೆಟ್ಟಿಗೆಯ ಹೊಟ್ಟೆಯನ್ನೆಲ್ಲ ಕಿತ್ತ. ವಾಲ್ವು, ಟ್ರಾನ್ಸ್‌ಫಾರ್ಮರು ಎಲ್ಲ ಗುಜರಿಗೆ ಹೋದವು. ಅವುಗಳ ಜಾಗಕ್ಕೆ ಟ್ರಾನ್ಸಿಸ್ಟರಿನ ಹೊಸ ಬೋರ್ಡು ಕೂತಿತು. ಎಷ್ಟು ದೊಡ್ಡದು ಮಾಡಿದರೂ ಒಡೆಯದ ಧ್ವನಿ. ಒಬ್ಬನೇ ಎತ್ತಬಹುದಾದಷ್ಟು ಹಗುರ. ಮಾಡಿದ ಕೆಲಸಕ್ಕೆ ಅವನೇ ಬೆನ್ನು ತಟ್ಟಿಕೊಂಡ.

ಮಹಾಲಯ ಅಮಾವಾಸ್ಯೆ ಕಳೆದ ಮಾರನೇ ದಿನ ಪಾಷಾ ಗಿಟಾರು ಹೆಗಲಿಗೆ ಹಾಕಿಕೊಂಡು ಬಂದ.

"ವೈರ್ ಹಾಕಿದ್ಯಾ?"

"ವೈರಾ? ಹೊಸ ಜನ್ಮಾನೇ ಕೊಟ್ಟಿದೀನಿ. ನುಡಿಸಿ ನೋಡು."

ಪಾಷಾ ಗಿಟಾರು ಜೋಡಿಸಿ ಒಂದು ತಂತಿ ಮೀಟಿದ. ತೊಳೆದು ಬೋರಲು ಹಾಕಿದ ಸ್ಟೀಲ್ ಲೋಟದ ಹಾಗೆ ಸ್ವರ ಬಂತು. ಅವನು ಹುಬ್ಬು ಗಂಟಿಕ್ಕಿ ಗುಂಡಿ ತಿರುಗಿಸಿದ. ಲೋಟ ಕೊಳಗವಾಯಿತು. ಇನ್ನೂ ತಿರುಗಿಸಿದ. ಕೊಳಗ ಹಂಡೆಯಾಯಿತು. ಆದರೆ ಸ್ಟೀಲು ಸ್ಟೀಲೇ. ಪಾಷಾ ಗಿಟಾರನ್ನು ಮಡಿಲಲ್ಲಿಟ್ಟುಕೊಂಡ.

"ಆದಿ, ಇದರ ಗಂಟಲು ಎಲ್ಲಿ ಹೋಯ್ತು?"

"ಗಂಟಲು ಸರಿ ಮಾಡಿದೀನಲ್ಲೋ. ಕರಕರ ಅಂತಿತ್ತು."

"ಸರಿ ಮಾಡು ಅಂತ ನಿಂಗೆ ಯಾರಪ್ಪಾ ಹೇಳಿದ್ದು? ಆ ಕರಕರಕ್ಕೇ ಬಸಣ್ಣ ನಂಗೆ ಹದಿನಾರು ವರ್ಷ ದುಡ್ಡು ಕೊಟ್ಟಿದ್ದು."

ಆದಿನಾರಾಯಣ ನಕ್ಕ. ಪಾಷಾ ನಗಲಿಲ್ಲ. ಆಮೇಲೆ ಎಲ್ಲವೂ ಒಂದೊಂದಾಗಿ ಹೊರಗೆ ಬಂತು. ಬಸಣ್ಣನವರ ಆರ್ಕೆಸ್ಟ್ರಾಕ್ಕೆ ಸುನಿಲ್ ಎಂಬ ಹೊಸ ಹುಡುಗ ಸೇರಿದ್ದ, ಕೆ.ಆರ್. ಪುರದವನು. ಅಪ್ಪ ಜಮೀನು ಮಾರಿದ ದುಡ್ಡಿನಲ್ಲಿ ಕೊಡಿಸಿದ ಕೀಬೋರ್ಡು ಅವನ ಹತ್ತಿರ ಇತ್ತು. ಅದರಲ್ಲಿ ಒಂದು ಗುಂಡಿ ಒತ್ತಿದರೆ ಕೊಳಲು, ಇನ್ನೊಂದು ಒತ್ತಿದರೆ ತಬಲಾ, ಮತ್ತೊಂದು ಒತ್ತಿದರೆ ಗಿಟಾರು. ಬಸಣ್ಣನವರು ಲೆಕ್ಕದ ಮನುಷ್ಯ. ಗುಂಡಿಯಲ್ಲಿ ಗಿಟಾರು ಬರುವಾಗ ಗಿಟಾರಿನವನಿಗೆ ಯಾಕೆ ಕೊಡಬೇಕು ಎಂಬ ಯೋಚನೆ ಅವರಿಗೆ ಬಂದಿತ್ತು. ನವೆಂಬರ್ ಒಂದಕ್ಕೆ ರಾಮಮೂರ್ತಿ ನಗರದಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ. ಅಲ್ಲಿ ಒಂದೇ ಹಾಡಿನ ಗಿಟಾರು ಭಾಗವನ್ನು ಮೊದಲು ಸುನಿಲ್ ನುಡಿಸಬೇಕು, ಆಮೇಲೆ ಪಾಷಾ. ಜನ ಯಾರಿಗೆ ಶಿಳ್ಳೆ ಹೊಡೆಯುತ್ತಾರೋ ಆ ಗಿಟಾರು ಉಳಿಯುತ್ತದೆ.

"ಬೆರಳು ನಂಗಿಂತ ಅವನದ್ದೇ ಚುರುಕು" ಎಂದ ಪಾಷಾ. "ಅವನ ಡಬ್ಬದಲ್ಲಿ ಇಲ್ಲದೆ ಇದ್ದದ್ದು ಇದರ ಗಂಟಲು ಒಂದೇ. ನಂಗೆ ಐವತ್ತೆರಡು ಆಯ್ತು ಆದಿ. ಈಗ ಯಾವ ಆರ್ಕೆಸ್ಟ್ರಾದವನು ಸೇರಿಸ್ಕೋತಾನೆ ಹೇಳು."

ಅವನು ಬೈದಿದ್ದರೆ ಆದಿನಾರಾಯಣನಿಗೆ ಎಷ್ಟೋ ಹಗುರವಾಗುತ್ತಿತ್ತು. ಪಾಷಾ ಬೈಯಲಿಲ್ಲ. ಟೀ ಕುಡಿದು, ಲೋಟ ತೊಳೆದಿಟ್ಟು ಹೋದ.

ಆದಿನಾರಾಯಣ ಆ ಮಧ್ಯಾಹ್ನವೇ ಗುಜರಿಗೆ ಓಡಿದ. ಗುಜರಿಯವನು ಸಮಾಧಾನದ ಮನುಷ್ಯ. "ಅಣ್ಣ, ನಿಮ್ಮ ತಾಮ್ರ ಕರಗಿ ಇಷ್ಟೊತ್ತಿಗೆ ಯಾರದೋ ಮನೇಲಿ ನೀರು ಕಾಯಿಸ್ತಾ ಇರುತ್ತೆ" ಎಂದ. ಬುರುಡೆಗಳನ್ನು, ಅವು ಬಂದ ದಿನವೇ, ಅವನು ಒಡೆದು ಎಸೆದಿದ್ದ. ಮಾರನೇ ದಿನ ಎಸ್.ಪಿ. ರಸ್ತೆ. ಅಲ್ಲಿ ಒಂದು ಅಂಗಡಿಯಲ್ಲಿ ಎರಡು ವಾಲ್ವು ಇದ್ದವು. ಮುನ್ನೂರೈವತ್ತರ ಮಾಲಿಗೆ ಅಂಗಡಿಯವನು ಎಂಟುನೂರು ಹೇಳಿದ. ಅವಸರ ಮುಖದಲ್ಲಿ ಕಂಡರೆ ಬೆಲೆ ಅಲ್ಲೇ ಏರುತ್ತದೆ, ಅದು ಆದಿನಾರಾಯಣನಿಗೆ ಗೊತ್ತಿದ್ದ ವಿಷಯವೇ. ಮುಖವನ್ನು ಮನೆಯಲ್ಲಿಟ್ಟು ಬರಲಾಗುವುದಿಲ್ಲವಲ್ಲ. ಉಳಿದ ಎರಡು ಬೆಂಗಳೂರಿನಲ್ಲೇ ಇರಲಿಲ್ಲ. ಅಂಥ ಟ್ರಾನ್ಸ್‌ಫಾರ್ಮರು ಸುತ್ತಿಕೊಡಲು ಒಂದು ತಿಂಗಳು ಕೇಳಿದರು. ಇದ್ದದ್ದು ಹದಿನೆಂಟು ದಿನ.

ವಾಪಸ್ಸು ಬರುವ ಬಿ.ಟಿ.ಎಸ್. ಬಸ್ಸು ಕಿಕ್ಕಿರಿದಿತ್ತು. ಆದಿನಾರಾಯಣ ಫುಟ್‌ಬೋರ್ಡಿನ ಮೇಲೆ ಒಂದೇ ಕಾಲಿನಲ್ಲಿ ನಿಂತಿದ್ದ. ಪ್ರತಿ ಸ್ಟಾಪಿನಲ್ಲೂ ಇನ್ನು ಸೂಜಿ ಹಾಕಲೂ ಜಾಗವಿಲ್ಲ ಎನ್ನುವಾಗ ಕಂಡಕ್ಟರು "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರೀ" ಎನ್ನುತ್ತಿದ್ದ. ಜನ ಗೊಣಗುತ್ತ, ಹೊಟ್ಟೆ ಎಳೆದುಕೊಳ್ಳುತ್ತ, ಇನ್ನಿಬ್ಬರಿಗೆ ಜಾಗ ಕೊಡುತ್ತಿದ್ದರು. ನಿಂತಲ್ಲೇ ಅವನಿಗೆ ವಿಷಯ ಹೊಳೆಯಿತು. ವಾಲ್ವು ಈ ಬಸ್ಸಿನ ಹಾಗೆ. ತಡೆಯಲಾರದಷ್ಟು ಸದ್ದು ಬಂದಾಗ ಅದು ಇಲ್ಲ ಎನ್ನುವುದಿಲ್ಲ, ಗೊಣಗಿಕೊಂಡು ಒತ್ತರಿಸಿಕೊಳ್ಳುತ್ತದೆ. ಆ ಗೊಣಗಾಟವೇ ಪಾಷಾನ ಗಂಟಲು. ಟ್ರಾನ್ಸಿಸ್ಟರು ಟಾಕೀಸಿನ ಗೇಟಿನ ಹಾಗೆ. ಕೊನೆಯ ಟಿಕೆಟ್ಟಿನವರೆಗೆ ನಗುನಗುತ್ತ ಬಿಟ್ಟುಕೊಂಡು ಆಮೇಲೆ ಮುಖಕ್ಕೆ ಬಾಗಿಲು ಬಡಿಯುತ್ತದೆ. ಹಾಗಾದರೆ ಕೆಲಸ ಇಷ್ಟೆ: ಟಾಕೀಸಿನ ಗೇಟಿಗೆ ಬಸ್ಸಿನ ಗುಣ ಕಲಿಸಬೇಕು.

ಮೂವತ್ತು ವರ್ಷ ಕರಕರ ತೆಗೆದವನು ಅದನ್ನು ಹಾಕಲು ಕೂತ.

ಮೊದಲ ದಿನ ಸುಮ್ಮನೆ ಸದ್ದು ಹೆಚ್ಚಿಸಿ ನೋಡಿದ. ಗೇಟು ಬಡಿಯಿತು. ಡಬ್ಬಕ್ಕೆ ಕಲ್ಲು ಹಾಕಿ ಕುಲುಕಿದಂಥ ಸದ್ದು ಗಲ್ಲಿಯ ಕೊನೆಯವರೆಗೆ ಹೋಯಿತು. ಜೋಡಿ ಟ್ರಾನ್ಸಿಸ್ಟರು ಹೊಗೆ ಬಿಟ್ಟು ಸತ್ತವು. ಎರಡನೇ ದಿನ ಇನ್ನೊಂದು ಜೋಡಿ. ರೇಡಿಯೋ ರಿಪೇರಿಗೆ ಕೊಡಲು ಬಂದಿದ್ದ ಒಬ್ಬರು ಬಾಗಿಲಲ್ಲೇ ನಿಂತು ಕೇಳಿ, ರೇಡಿಯೋವನ್ನು ಎದೆಗವಚಿಕೊಂಡು ಹೊರಟುಹೋದರು. ನಾಲ್ಕನೇ ದಿನ ಭಜನೆ ಮಂಡಳಿಯ ಕಾರ್ಯದರ್ಶಿ ಬಂದರು.

"ಏನಪ್ಪಾ ಆದಿನಾರಾಯಣ, ಅದ್ಯಾಕೆ ಹಾಗೆ ಕಿರುಚ್ತಾ ಇದೆ?"

"ರಿಪೇರಿ ಸ್ವಾಮಿ."

"ಆಗಿಲ್ವಾ ಇನ್ನೂ?"

"ರಿಪೇರಿ ಹೋದ ವಾರವೇ ಆಗಿತ್ತು. ಈಗ ಕೆಡಿಸ್ತಾ ಇದೀನಿ."

ಕಾರ್ಯದರ್ಶಿಗಳು ಅವನನ್ನೊಮ್ಮೆ, ಬೋರ್ಡನ್ನೊಮ್ಮೆ ನೋಡಿ ಹೋದರು. ಸಂಜೆಯ ಹೊತ್ತಿಗೆ ಆದಿನಾರಾಯಣನ ಕಿವಿ ಹೋಗಿದೆ ಎಂಬ ಸುದ್ದಿ ಹಾಲಿನ ಬೂತಿನವರೆಗೆ ಮುಟ್ಟಿತ್ತು.

ಅಮೃತಮ್ಮ ಮಾತ್ರ ಬೇಡ ಎನ್ನಲಿಲ್ಲ. ಮುದ್ದೆ ಬಡಿಸುತ್ತ ಕೇಳಿದಳು, "ಅಲ್ಲಾರೀ, ಕೆಟ್ಟಿದ್ದೇ ಚೆನ್ನಾಗಿತ್ತು ಅಂದ್ರೆ ಏನರ್ಥ?"

"ನಂಗೂ ಅದೇ ಅರ್ಥ ಆಗ್ತಿಲ್ಲ."

"ಮುದ್ದೆ ಪಾತ್ರೆ ತಳದ ಚಕ್ಕೆ ಥರಾನಾ? ಚಿಕ್ಕೋರಿದ್ದಾಗ ನಾವು ಅದಕ್ಕೆ ಜಗಳ ಆಡ್ತಿದ್ವಿ. ಹೊತ್ತಿರ್ಬೇಕು, ಕಪ್ಪಾಗಿರಬಾರದು."

ಆದಿನಾರಾಯಣ ತುತ್ತು ಕೈಯಲ್ಲೇ ಹಿಡಿದು ಅವಳನ್ನು ನೋಡಿದ. "ಉರಿ ಸಣ್ಣಗಿರ್ಬೇಕು ಅಲ್ವಾ ಅದಕ್ಕೆ?"

"ಮತ್ತೆ? ದೊಡ್ಡ ಉರಿಗೆ ಚಕ್ಕೆ ಆಗಲ್ಲ, ಇದ್ದಲಾಗತ್ತೆ."

ಅವನು ಕೈ ತೊಳೆದು ಕೆಳಗಿಳಿದ. ಸತ್ತ ಹಳೆಯ ರೇಡಿಯೋಗಳನ್ನು ತುಂಬಿಟ್ಟಿದ್ದ ಮೂಟೆ ಬಿಚ್ಚಿದ. ಅವುಗಳಲ್ಲಿ ಜರ್ಮೇನಿಯಂ ಡಯೋಡು ಎಂಬ ಅಕ್ಕಿಕಾಳಿನಷ್ಟು ದೊಡ್ಡ ಗಾಜಿನ ತುಣುಕು ಇರುತ್ತದೆ. ಈಗಿನ ಡಯೋಡು ಬಾಗಿಲು ತೆಗೆದರೆ ಪೂರ್ತಿ, ಹಾಕಿದರೆ ಪೂರ್ತಿ. ಇದು ಹಳೇ ಕಾಲದ್ದು, ಬಾಗಿಲನ್ನು ನಿಧಾನವಾಗಿ ಓರೆ ಮಾಡುತ್ತದೆ. ಅಂಥವು ನಾಲ್ಕನ್ನು ಕಿತ್ತು, ಸದ್ದು ಟ್ರಾನ್ಸಿಸ್ಟರು ಮುಟ್ಟುವ ಮೊದಲೇ ಅವುಗಳ ನಡುವೆ ಹಾದುಹೋಗುವ ಹಾಗೆ ಜೋಡಿಸಿದ. ಖರ್ಚು ಏನಿಲ್ಲ.

ಪಾಷಾ ಬಂದು ನುಡಿಸಿದ. ಗಲ್ಲಿಯಲ್ಲಿ ಹೋಗುತ್ತಿದ್ದ ನಾಯಿ ನಿಂತು ಕೇಳಿ ಮುಂದೆ ಹೋಯಿತು. ಅದುವರೆಗೆ ಅದು ಓಡಿಹೋಗುತ್ತಿತ್ತು.

"ಹತ್ರ ಬಂದಿದೆ" ಎಂದ ಪಾಷಾ. "ಆದ್ರೆ ಇದು ಹೊಡೆದ್ರೆ ಹೊಡೆಸ್ಕೊಂಡು ಕೂತ್ಕೊಳ್ಳತ್ತೆ. ಅದು ಹಾಗಲ್ಲ ಆದಿ. ಜೋರಾಗಿ ಹೊಡೆದ್ರೆ ಮೊದ್ಲು ಸ್ವಲ್ಪ ಬಗ್ಗೋದು, ಆಮೇಲೆ ಮೆಲ್ಲಗೆ ಎದ್ದು ನಿಂತು ಹಾಡೋದು."

ಬಗ್ಗುವುದು, ಏಳುವುದು. ಆದಿನಾರಾಯಣ ಇದನ್ನು ಯಾವ ಅಂಗಡಿಯಲ್ಲಿ ಕೊಳ್ಳಲಿ? ಇನ್ನೊಂದು ಜೋಡಿ ಟ್ರಾನ್ಸಿಸ್ಟರು ಸತ್ತಿತು. ಅಲ್ಲಿಗೆ ಮೂರು ಜೋಡಿಯಾಯಿತು. ಆಮೇಲೆ ಅವನು ಜೋಪಾನವಾದ.

ಜೋಪಾನ ಎಂದರೆ ಸೀರೀಸ್ ಬಲ್ಬು. ರಿಪೇರಿ ಅಂಗಡಿಯಲ್ಲಿ ಮೇಜಿನ ಮೇಲೆ ಹಲಗೆಗೆ ಬಡಿದ ಒಂದು ಹೋಲ್ಡರು ಇರುತ್ತದೆ, ಅದರಲ್ಲಿ ನೂರು ವ್ಯಾಟಿನ ಬಲ್ಬು. ರಿಪೇರಿಗೆ ಬಂದ ಯಾವ ಸೆಟ್ಟಿಗೂ ಮೊದಲು ಕರೆಂಟು ಈ ಬಲ್ಬಿನ ಮೂಲಕ ಹಾದೇ ಹೋಗಬೇಕು. ಸೆಟ್ಟಿನೊಳಗೆ ಶಾರ್ಟ್ ಇದ್ದರೆ ಬಲ್ಬು ಝಗ್ಗನೆ ಉರಿದು ಸೆಟ್ಟನ್ನು ಕಾಪಾಡುತ್ತದೆ. ಇಲ್ಲದಿದ್ದರೆ ಒಮ್ಮೆ ಮಿನುಗಿ ಮಂಕಾಗುತ್ತದೆ. ಮಂಕಾದದ್ದು ಕಂಡ ಮೇಲೆ ಪಕ್ಕದ ಸ್ವಿಚ್ಚು ಒತ್ತಿ ಕರೆಂಟು ನೇರ ಬಿಡುತ್ತಾರೆ. ಆದಿನಾರಾಯಣನಿಗೆ ಆ ಬಲ್ಬಿನ ಮೇಲೆ ದೇವರಿಗಿಂತ ಒಂದು ಕೈ ಹೆಚ್ಚು ನಂಬಿಕೆ. "ಅಳಿಯನ್ನೂ ಒಂದ್ಸಲ ಆ ಬಲ್ಬಿಗೆ ಹಾಕಿ ನೋಡ್ಬೇಕಾಗಿತ್ತು ನೀವು" ಎಂದು ಅಮೃತಮ್ಮ ಆಗಾಗ ಹೇಳುವುದುಂಟು.

ಮೂರನೇ ಜೋಡಿ ಸತ್ತ ಮೇಲೆ ಆದಿನಾರಾಯಣ ಆ ಸ್ವಿಚ್ಚಿನ ತಂಟೆಗೇ ಹೋಗಲಿಲ್ಲ. ಪಾಷಾನ ಪೆಟ್ಟಿಗೆಯನ್ನು ಬಲ್ಬಿನ ಮೇಲೆಯೇ ಬಿಟ್ಟ. ಸದ್ದು ಎಷ್ಟು ಹೆಚ್ಚಿಸಿದರೂ ಟ್ರಾನ್ಸಿಸ್ಟರು ಸಾಯಲಿಲ್ಲ. ಡಯೋಡು ಒಂದಿಷ್ಟು ಅತ್ತಿತ್ತ ಮಾಡಿ, ಪಾಷಾನಿಗೆ ಹೇಳಿ ಕಳಿಸಿದ.

ಪಾಷಾ ಒಂದೇ ಒಂದು ಸ್ವರ ಮೀಟಿದ. ಸ್ವರ ಬಗ್ಗಿತು. ಎದ್ದಿತು. ರಸೆಲ್ ಮಾರ್ಕೆಟ್ಟಿನಲ್ಲಿ ಬೆಳಗಿನಿಂದ ಕೂಗಿ ಗಂಟಲು ಕಟ್ಟಿದ ನಿಂಬೆಹಣ್ಣಿನವನು ಸಂಜೆ ಮನೆಗೆ ಹೋಗುತ್ತ ತನ್ನಷ್ಟಕ್ಕೆ ಹಾಡಿಕೊಂಡ ಹಾಗೆ ಅದು ಅಂಗಡಿ ತುಂಬಿತು. ಆದಿನಾರಾಯಣನಿಗೆ ಮೊದಲ ಸಲ ಗೆಳೆಯ ಹದಿನಾರು ವರ್ಷ ಏನು ಮಾಡುತ್ತಿದ್ದ ಎಂಬುದು ಕೇಳಿಸಿತು. ಪಾಷಾ ಕಣ್ಣು ಒರೆಸಿಕೊಂಡು, "ಧೂಳು ಜಾಸ್ತಿ ನಿನ್ ಅಂಗಡೀಲಿ" ಎಂದ. ಆಟೋದಲ್ಲಿ ಪೆಟ್ಟಿಗೆ ಹೊತ್ತುಕೊಂಡು ಹೋದ.

ಎರಡು ಗಂಟೆಯಲ್ಲಿ ಅದೇ ಆಟೋದಲ್ಲಿ ವಾಪಸ್ಸು ಬಂದ.

"ಮನೇಲಿ ಬರಲ್ಲ ಅದು. ಹೊಡೆದ್ರೆ ಹೊಡೆಸ್ಕೊಂಡು ಕೂರತ್ತೆ."

ಅಂಗಡಿಯ ಮೇಜಿನ ಮೇಲೆ ಇಟ್ಟರು. ಹಾಡಿತು. ಶಿವಾಜಿನಗರಕ್ಕೆ ಒಯ್ದರು. ಇಲ್ಲ. ಹಲಸೂರಿಗೆ ತಂದರು. ಹಾಡಿತು. ಮೂರನೇ ಸಲ ಬಂದಾಗ ಆಟೋದವನೇ, "ಸಾರ್, ಇದನ್ನ ಇಲ್ಲೇ ಇಟ್ಟು ನೀವೇ ಇಲ್ಲಿಗೆ ಬಂದು ಇರಬಾರ್ದಾ?" ಎಂದ. ಪಾಷಾ ಮನೆಯ ಗೋಡೆಯನ್ನು ಅನುಮಾನಿಸಿದ. ಆದಿನಾರಾಯಣ ಶಿವಾಜಿನಗರದ ವೋಲ್ಟೇಜನ್ನು ಅನುಮಾನಿಸಿದ. ಬದ್ರುನ್ನೀಸಾ ಬೀರುವನ್ನು ಆ ಕಡೆಯಿಂದ ಈ ಕಡೆಗೆ ಸರಿಸಿ ನೋಡಿದಳಂತೆ. ಅಮೃತಮ್ಮ ಒಣಮೆಣಸಿನಕಾಯಿ ಉಪ್ಪು ತಂದು ಪೆಟ್ಟಿಗೆಗೆ ದೃಷ್ಟಿ ತೆಗೆದಳು. ಮೂವರೂ ಕೆಮ್ಮಿದರು. ಪೆಟ್ಟಿಗೆ ಶಿವಾಜಿನಗರದಲ್ಲಿ ಮೊದಲಿನ ಹಾಗೆಯೇ ಇತ್ತು.

ಕಾರ್ಯಕ್ರಮಕ್ಕೆ ಎರಡೇ ದಿನ. ಪಾಷಾ ಅಂಗಡಿಯಲ್ಲಿ ಕೂತು ಸೋತವನ ಹಾಗೆ ನುಡಿಸುತ್ತಿದ್ದ. ಪೆಟ್ಟಿಗೆ ಸೊಗಸಾಗಿ ಹಾಡುತ್ತಿತ್ತು. ಆದಿನಾರಾಯಣ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಮೆಟ್ಟಿಲಿಳಿದು ಬಂದ ಅಮೃತಮ್ಮ ಟೀ ಲೋಟ ಇಡುತ್ತ ಕೇಳಿದಳು:

"ಆ ಬಲ್ಬ್ ಯಾಕೆ ಕುಣೀತಾ ಇದೆ?"

"ಯಾವ ಬಲ್ಬು?"

"ನಿಮ್ಮ ಮುಂದೆ ಇರೋದು. ಪಾಷಾ ಅಣ್ಣ ಜೋರಾಗಿ ಹೊಡೆದ್ರೆ ಉರಿಯತ್ತೆ, ನಿಲ್ಲಿಸಿದ್ರೆ ಆರತ್ತೆ."

ಆದಿನಾರಾಯಣ ತಿರುಗಿ ನೋಡಿದ. ಮೂವತ್ತು ವರ್ಷದಿಂದ ಆ ಬಲ್ಬನ್ನು ಅವನು ನೋಡುತ್ತಿದ್ದದ್ದು ಸ್ವಿಚ್ಚು ಹಾಕಿದ ಮೊದಲ ಎರಡು ಕ್ಷಣ ಮಾತ್ರ. ಆಮೇಲೆ ಅದು ಏನು ಮಾಡುತ್ತದೆ ಎಂದು ನೋಡುವ ಅಗತ್ಯ ಬಂದಿರಲೇ ಇಲ್ಲ.

"ಪಾಷಾ, ಇನ್ನೊಂದ್ಸಲ ಹೊಡಿ."

ಪಾಷಾ ಹೊಡೆದ. ಪೆಟ್ಟಿಗೆ ಗಬಕ್ಕನೆ ಕರೆಂಟು ಎಳೆಯಿತು. ಬಲ್ಬು ಕೆಂಪಾಗಿ, ಕರೆಂಟನ್ನು ತಾನೊಂದಿಷ್ಟು ತಿಂದು, ಪೆಟ್ಟಿಗೆಗೆ ಕಡಿಮೆ ಬಿಟ್ಟಿತು. ಪೆಟ್ಟಿಗೆ ಉಸಿರು ಕಟ್ಟಿ ಬಗ್ಗಿತು. ಸ್ವರ ಇಳಿಯುತ್ತ ಬಂದ ಹಾಗೆ ಬಲ್ಬು ಆರಿತು, ಪೆಟ್ಟಿಗೆಗೆ ಉಸಿರು ಬಂತು, ಎದ್ದು ನಿಂತಿತು. ಸಣ್ಣ ಉರಿ. ಮುದ್ದೆಯ ಚಕ್ಕೆ. ಶಿವಾಜಿನಗರದ ಮನೆಯಲ್ಲಿ ಸೀರೀಸ್ ಬಲ್ಬು ಎಲ್ಲಿಂದ ಬರಬೇಕು?

ಆದಿನಾರಾಯಣ ಸ್ವಿಚ್ಚು ಒತ್ತಿ ಕರೆಂಟು ನೇರ ಬಿಟ್ಟ. ಗಂಟಲು ಹೋಯಿತು. ಸ್ವಿಚ್ಚು ತೆಗೆದ. ಗಂಟಲು ಬಂತು. ಏಳೆಂಟು ಸಲ ಹಾಗೆ ಮಾಡಿದ.

"ಸಾಕು ಬಿಡ್ರೀ, ಸ್ವಿಚ್ಚು ಕಿತ್ತೋಗತ್ತೆ" ಎಂದಳು ಅಮೃತಮ್ಮ.

ಬಲ್ಬನ್ನು ಪೆಟ್ಟಿಗೆಯ ನೆತ್ತಿಯ ಮೇಲೆ ಕೂರಿಸಿದ. ನಲವತ್ತು ವ್ಯಾಟು ಹಾಕಿದರೆ ಉಬ್ಬಸ ಬಂದಂತಿತ್ತು, ಇನ್ನೂರು ಹಾಕಿದರೆ ಏನೂ ಆಗಲಿಲ್ಲ, ನೂರೇ ಸರಿ ಎಂದು ಗೊತ್ತಾಯಿತು. ಯಾರಾದರೂ ಮುಟ್ಟಿ ಕೈ ಸುಟ್ಟುಕೊಂಡಾರು ಎಂದು ಅಮೃತಮ್ಮ ಸೊಪ್ಪು ತೊಳೆಯುವ ತೂತಿನ ಪಾತ್ರೆಯನ್ನೇ ಅದರ ಮೇಲೆ ಬೋರಲು ಹಾಕಿಕೊಟ್ಟಳು.

ರಾಜ್ಯೋತ್ಸವದ ಸಂಜೆ ರಾಮಮೂರ್ತಿ ನಗರದ ಮೈದಾನ ತುಂಬಿತ್ತು. ವೇದಿಕೆಯ ಪಕ್ಕದ ಮೆಟ್ಟಿಲ ಹತ್ತಿರ, ಒಂದು ಬಲ್ಬಿನ ಕೆಳಗೆ, ಬಸಣ್ಣನವರು ಕುರ್ಚಿ ಹಾಕಿಕೊಂಡು ಕೂತಿದ್ದರು. ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದು, ಶಾಮಿಯಾನ ಹಾಕಿ, ಆಮೇಲೆ ಶಾಮಿಯಾನದೊಳಗೆ ಹಾಡುವವರನ್ನೂ ಸೇರಿಸಿಕೊಂಡ ಮನುಷ್ಯ.

"ಏನಿದು ಪಾಷಾ, ನೆತ್ತಿ ಮ್ಯಾಲೆ ದೀಪ, ದೀಪದ ಮ್ಯಾಲೆ ಬೋಗುಣಿ. ಅಡಿಗಿ ಮಾಡಾಕ ಬಂದೀಯೇನು?"

"ಹಾಡು ಕಾಯಿಸೋಕೆ ಬಸಣ್ಣ" ಎಂದ ಪಾಷಾ.

ಆದಿನಾರಾಯಣ ವೇದಿಕೆಯ ಹಿಂದೆ ಚೀಲ ಇಟ್ಟುಕೊಂಡು ನಿಂತಿದ್ದ. ಚೀಲದಲ್ಲಿ ಎರಡು ಜೋಡಿ ಟ್ರಾನ್ಸಿಸ್ಟರು, ಡಯೋಡು, ಫ್ಯೂಸು, ಬೆಸುಗೆಯ ಸೀಸ, ಅದನ್ನು ಕರಗಿಸುವ ಕಡ್ಡಿ, ಎಲ್ಲ ಇತ್ತು.

ಮೊದಲು ಸುನಿಲ್ ನುಡಿಸಿದ. ತೆಳ್ಳಗಿನ ಹುಡುಗ, ಬೆರಳುಗಳು ಕುಣಿಯುತ್ತಿದ್ದವು. ಗುಂಡಿಯೊಳಗಿನ ಗಿಟಾರು ಒಂದೂ ತಪ್ಪಿಲ್ಲದೆ ಬಂತು. ಜನ ಚಪ್ಪಾಳೆ ತಟ್ಟಿದರು, ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸದೆ ತಟ್ಟುವಷ್ಟು.

ಆಮೇಲೆ ಪಾಷಾ. ಮೊದಲ ಸ್ವರಕ್ಕೆ ಪಾತ್ರೆಯ ತೂತುಗಳಿಂದ ಬೆಳಕು ಚಿಮ್ಮಿ ವೇದಿಕೆಯ ಹಿಂದಿನ ಪರದೆಯ ಮೇಲೆ ನೂರಾರು ಚುಕ್ಕಿಗಳಾದವು. ಸ್ವರ ಬಗ್ಗಿ ಎದ್ದ ಹಾಗೆ ಚುಕ್ಕಿಗಳು ಬೆಳಗಿ ಮಂಕಾದವು. ಇದನ್ನು ಆದಿನಾರಾಯಣ ಯೋಚಿಸಿರಲೇ ಇಲ್ಲ. ಮುಂದಿನ ಸಾಲಿನವರು ಕಡಲೆಕಾಯಿ ಬಿಟ್ಟರು. ಹಿಂದಿನಿಂದ ಒಂದು ಶಿಳ್ಳೆ ಬಂತು. ಇನ್ನೊಂದು. ಪಾಷಾ ಕಣ್ಣು ಮುಚ್ಚಿ ತಂತಿಯನ್ನು ಎಳೆದು ಹಿಡಿದ.

ಪಟ್ ಎಂದಿತು. ಚುಕ್ಕಿಗಳು ಹೋದವು. ಸ್ವರವೂ ಹೋಯಿತು.

ಬಲ್ಬು ಹೋಗಿತ್ತು. ಕರೆಂಟು ಅದರ ಮೂಲಕವೇ ಬರಬೇಕಾದ್ದರಿಂದ ಪೆಟ್ಟಿಗೆಯೂ ಸತ್ತಿತು. ಆದಿನಾರಾಯಣ ಚೀಲ ಸುರಿದ. ಟ್ರಾನ್ಸಿಸ್ಟರು ಇತ್ತು, ಡಯೋಡು ಇತ್ತು. ಮೂವತ್ತು ವರ್ಷದ ಅಭ್ಯಾಸದಲ್ಲಿ ಬಲ್ಬು ಅಂಗಡಿಯ ಸಾಮಾನು, ಸೆಟ್ಟಿನ ಸಾಮಾನಲ್ಲ. ಬಲ್ಬು ತರಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ. ಒಂದೇ ಗೆಳೆಯನನ್ನು ಎರಡು ಸಲ ಮುಳುಗಿಸಿದವನು ತಾನೊಬ್ಬನೇ ಇರಬೇಕು ಎಂದುಕೊಂಡ.

ಆದರೆ ಸದ್ದು ಪೂರ್ತಿ ನಿಂತಿರಲಿಲ್ಲ. ಸುನಿಲ್ ಕೀಬೋರ್ಡಿನಲ್ಲಿ ಎಡಗೈಯಿಂದ ಅದೇ ಶ್ರುತಿಯನ್ನು ಒತ್ತಿ ಹಿಡಿದಿದ್ದ, ಹಾಡೇ ಹಾಗೆ ಇದೆಯೇನೋ ಎನ್ನುವಂತೆ. ಬಲಗೈಯಿಂದ ಮೆಟ್ಟಿಲ ಕಡೆ ತೋರಿಸಿ, "ಅಂಕಲ್, ಅಲ್ಲಿ, ಅಲ್ಲಿ" ಎಂದ. ಬಸಣ್ಣನವರ ತಲೆಯ ಮೇಲೆ ಉರಿಯುತ್ತಿದ್ದ ಬಲ್ಬು. ಆದಿನಾರಾಯಣ ಟವೆಲು ಸುತ್ತಿದ ಕೈಯಿಂದ ಅದನ್ನು ತಿರುಗಿಸಿ ಕಿತ್ತ.

"ಏಯ್, ಯಾರಪಾ ಅಂವ, ದೀಪ ಕೀಳಾಕತ್ತಾನ" ಎಂದರು ಬಸಣ್ಣನವರು ಕತ್ತಲಿನಿಂದ.

ಅದು ಅರವತ್ತು ವ್ಯಾಟಿನ ಬಲ್ಬು. ಪೆಟ್ಟಿಗೆಯ ಹೋಲ್ಡರಿಗೆ ಸಿಕ್ಕಿಸಿದ. ಗಂಟಲು ಇನ್ನೂ ಒಂದಿಷ್ಟು ಕಟ್ಟಿತು, ಸ್ವರ ಇನ್ನೂ ತಡವಾಗಿ ಎದ್ದಿತು. ಕೆಳಗೆ ಸುನಿಲ್ ಹಿಡಿದ ಶ್ರುತಿ, ಮೇಲೆ ಪಾಷಾನ ಗಂಟಲು. ಜನ ಕೇಳಿದ್ದಕ್ಕೆ ಆ ಗಿಟಾರು ಭಾಗವನ್ನು ಎರಡು ಸಲ ನುಡಿಸಬೇಕಾಯಿತು. ಎರಡನೆಯದನ್ನು ಕೇಳುವಾಗ ಬಸಣ್ಣನವರು ಇನ್ನೂ ಕತ್ತಲಲ್ಲೇ ಕೂತಿದ್ದರು. ಶಿಳ್ಳೆ ಎಣಿಸಲು ಬೆಳಕು ಬೇಕಾಗಿರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಅವರು ಬಂದು ಪಾತ್ರೆಯನ್ನು ಬೆರಳಿನಿಂದ ತಟ್ಟಿ ನೋಡಿದರು.

"ಪಾಷಾ, ನೀನೂ ಇರು. ಆ ಹುಡುಗನೂ ಇರಲಿ. ಆದರ ಮುಂದಿನ ಸಲ ನಿಮ್ಮ ಬಲ್ಬು ನೀವಽ ತರಬೇಕು."

ಮನೆಗೆ ಹೋಗುವ ದಾರಿಯಲ್ಲಿ ಆದಿನಾರಾಯಣ ಕೇಳಿದ, "ನಿಜ ಹೇಳು. ಹಳೇದರ ಥರಾನೇ ಇದೆಯಾ?"

ಪಾಷಾ ಸುಳ್ಳು ಹೇಳುವವನಲ್ಲ. ಸ್ವಲ್ಪ ಯೋಚಿಸಿ, "ಹದಿನಾರಕ್ಕೆ ಹದಿನಾಲ್ಕಾಣೆ" ಎಂದ.

ಬೆಳಿಗ್ಗೆ ಆದಿನಾರಾಯಣ ಕ್ಯಾಲೆಂಡರಿನ ಹಿಂದೆ ಮತ್ತೆ ಲೆಕ್ಕ ಹಾಕಿದ. ಮೊದಲಿನ ನಾನೂರ ಹದಿನೈದು. ಸತ್ತ ಮೂರು ಜೋಡಿ ಟ್ರಾನ್ಸಿಸ್ಟರಿಗೆ ನೂರ ಎಂಬತ್ತು. ಆಟೋಗಳಿಗೆ ಪಾಷಾ ಕೊಟ್ಟದ್ದು ಬಿಟ್ಟು ತಾನು ಕೊಟ್ಟದ್ದು ಅರವತ್ತು. ಒಂದು ತೂತಿನ ಪಾತ್ರೆ, ಅಮೃತಮ್ಮ ಅದಕ್ಕೆ ಬೆಲೆ ಹೇಳಲಿಲ್ಲ, ಹೊಸದು ಬೇಕು ಎಂದಳು ಅಷ್ಟೆ. ಆಮೇಲೆ ಭಜನೆ ಮಂಡಳಿಯವರು ಮೈಕ್ ಸೆಟ್ಟನ್ನು ಬೇರೆ ಅಂಗಡಿಗೆ ಕೊಟ್ಟರು. ವರ್ಷಕ್ಕೆ ಸಾವಿರದ ಇನ್ನೂರು ಹೋಯಿತು, ಮತ್ತೆ ಬರಲಿಲ್ಲ. ಇಂದಿರಾನಗರದ ಹುಡುಗರು ಮೂವರು ಬಲ್ಬಿನ ಪೆಟ್ಟಿಗೆ ಮಾಡಿಸಿಕೊಂಡು ಹೋದರು. ಒಬ್ಬ ತುಂಬ ಬಿಸಿಯಾಗುತ್ತದೆ ಎಂದು ವಾಪಸ್ಸು ತಂದ. ಬೋರ್ಡಿನಲ್ಲಿ 'ಶುದ್ಧ' ಎಂಬ ಪದವನ್ನು ಆದಿನಾರಾಯಣ ಅಳಿಸಿದ. ಸುಳ್ಳು ಯಾಕೆ ಎಂದು.

ಪಾಷಾ ಬಸಣ್ಣನವರ ಆರ್ಕೆಸ್ಟ್ರಾದಲ್ಲಿ ಇನ್ನೂ ಏಳು ವರ್ಷ ನುಡಿಸಿದ. ಎರಡಾಣೆ ಗುಜರಿಗೆ ಹೋಯಿತು. ಹದಿನಾಲ್ಕಾಣೆ ಉಳಿಯಿತು.